ತಣ್ಣಗಿನ ಎಂಜಿನ್

ಸೊಹಾರಿನ ಆಗಸ್ಟಿನಲ್ಲಿ ಯಾವ ಎಂಜಿನ್ನೂ ತಣ್ಣಗಿರುವುದಿಲ್ಲ,
ಹತ್ತು ಗಂಟೆಗೆಲ್ಲ ಬಿಸಿಲೇ ಕಾಯಿಸಿಟ್ಟಿರುತ್ತದೆ.
ಅದಕ್ಕೇ ಖಲ್ಫಾನ್ ಫೋನಿನಲ್ಲಿ ಹೇಳಿದ್ದ:
"ಬೆಳಗಿನ ನಮಾಜು ಮುಗಿಸಿ ಬರುತ್ತೇನೆ.
ಅಲ್ಲಿಯತನಕ ಮುಟ್ಟಬೇಡ."
ಕಾದ ಗಾಡಿ ಯಾರು ಒದ್ದರೂ ಏಳುತ್ತದೆ;
ನಿಜ ಹೇಳುವುದು ತಣ್ಣಗಿದ್ದದ್ದು ಮಾತ್ರ.

ಬಂದ. ದಿಶ್‌ದಾಶಾದ ತೋಳು ಮೇಲೆಳೆದು,
ಕಾವಲಿ ಕಾದಿದೆಯೇ ಎಂದು ನೋಡುವವರ ಹಾಗೆ
ಸಿಲಿಂಡರಿನ ಬಳಿ ಅಂಗೈ ಹಿಡಿದ.
ಆಮೇಲೆ ನನ್ನ ಮುಖ ನೋಡಿದ.

ಚೀಟಿಯಲ್ಲಿ ಎಲ್ಲ ಬರೆದಿಟ್ಟಿದ್ದೆ:
ಎಪ್ಪತ್ತೆಂಟರ ಯಮಹಾ. ನಾನು ಮೂರನೆಯವನು.
ಎಡಗಡೆ ಸೈಲೆನ್ಸರ್ ಕರಾಚಿಯದು, ಮೂಲದ್ದಲ್ಲ.
ಎರಡನೇ ಗೇರು ಮುನಿಸಿಕೊಂಡರೆ ಬೈಯಬಾರದು,
ಕ್ಲಚ್ಚು ಇನ್ನೊಮ್ಮೆ ಹಿಡಿಯಬೇಕು.
ಮುಲ್ಕಿಯಾ ಮಾರ್ಚ್‌ವರೆಗೆ.
ಬರೆಯದೆ ಬಿಟ್ಟದ್ದು ಒಂದೇ:
ನಿದ್ದೆ ಬಾರದೆ ರಾತ್ರಿಯೆಲ್ಲ
ಮೀನುಪೇಟೆಯಿಂದ ಬಂದರಿನ ತನಕ,
ಮತ್ತೆ ಬಂದರಿನಿಂದ, ಎಷ್ಟು ಸಲವೋ.

ಹೇಳಿದೆ, ಮುರುಕು ಅರಬಿಯಲ್ಲಿ.
"ಮೋಸಕ್ಕಲ್ಲ."

ಅವನು ಏಳುನೂರು ಎಣಿಸಿದ.
ಹತ್ತು ರಿಯಾಲ್ ಎಳೆದು ಜೇಬಿಗೆ ವಾಪಸಿಟ್ಟ.
"ನಿನ್ನೆ ಸಂಜೆಯೇ ಮಾತಾಯಿತಲ್ಲ?
ರಾತ್ರಿ ನೀನು ಓಡಿಸಿದ್ದು ನನ್ನ ಗಾಡಿ.
ಇದು ಬಾಡಿಗೆ."

ಮೀನಿಗೂ ಚೌಕಾಸಿ ಮಾಡುವ ನನಗೆ
ಬಾಯಿ ಬರಲಿಲ್ಲ.

ಒಂದೇ ಒದೆತಕ್ಕೆ ಎದ್ದಿತು, ಕಾದದ್ದಲ್ಲವೇ.
ಟೈರಂಗಡಿ ದಾಟಿ, ತಿರುವಿನಾಚೆ
ಎರಡನೇ ಗೇರು ಸಿಗದೆ ಹೂಂಕರಿಸಿದ್ದು ಕೇಳಿಸಿತು.
ಗೇಟಿನ ಬಳಿ, ಚಪ್ಪಲಿಯಲ್ಲಿ ನಿಂತ ನನ್ನ
ಎಡಗೈ
ಬರಿಗಾಳಿಯಲ್ಲಿ ಇನ್ನೊಮ್ಮೆ
ಕ್ಲಚ್ಚು ಹಿಡಿಯಿತು.