ಹುಡ್ಡು

ಎರಡೇ ಸೀಟು. ಮೂರನೆಯವರಿಗೆ ಜಾಗವಿಲ್ಲ,
ತರಕಾರಿ ಚೀಲಕ್ಕೂ ಇಲ್ಲ.
ಗೋವಾದಲ್ಲಿ ಹುಟ್ಟಿ, ಮೂರು ಕೈ ದಾಟಿ,
ಸಾಲಗಾಮೆ ರಸ್ತೆಯ ನನ್ನ ಕುಶನ್ ಅಂಗಡಿಗೆ
ಹೊಸ ಹುಡ್ಡು ಹೊಲಿಸಿಕೊಳ್ಳಲು ಬಂದದ್ದು.
ಐನೂರು ಮುಂಗಡ ಕೊಟ್ಟು ಹೋದ ಸಾಹುಕಾರರು
ಎರಡು ವರ್ಷ ಬಿಟ್ಟು ಫೋನು ಮಾಡಿದರು:
'ನಿನ್ನ ಕೂಲಿ ಮುರಕೊಂಡು ಮಿಕ್ಕಿದ್ದು ಕಳಿಸು,
ಗಾಡಿ ನೀನೇ ಇಟ್ಕೋ.'

ಮಿಕ್ಕಿದ್ದು ಕಳಿಸಲು ಚೀಟಿ ಎತ್ತಿದೆ.
ದಾಕ್ಷಾಯಿಣಿ ಗಾಡಿಯನ್ನೊಂದು ಸುತ್ತು ಬಂದು
'ನಾನು ಕೂತರೆ ನಿಮ್ಮವ್ವ ಎಲ್ಲಿ?' ಎಂದಳು.
ಒಳಗೆ ಹೋದಳು.
ಒಗ್ಗರಣೆ ಅವತ್ತು ಕೊಂಚ ಜೋರಾಗಿಯೇ ಸಿಡಿಯಿತು.

ಮೈ ಫೈಬರ್, ತುಕ್ಕು ಹಿಡಿಯದು.
ಕೆಳಗಿನ ಕಬ್ಬಿಣದ ಚಾಸಿ
ಹಿಡಿಯಬೇಕಾದ್ದನ್ನೆಲ್ಲ ತಾನೇ ಹಿಡಿದುಕೊಂಡಿದೆ.
ಜಬೀವುಲ್ಲಾ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿದ.
ಹಪ್ಪಳ.
'ಮೇಲೆ ಮದುಮಗ ಅಣ್ಣಾ, ಕೆಳಗೆ ಮುದುಕ.'

ಕ್ಲಚ್ ಕೇಬಲ್ಲು ಎಲ್ಲೂ ಇಲ್ಲ.
ಗಾಡಿಯ ಹೆಸರು ಕೇಳಿ ಜೆ.ಸಿ. ರಸ್ತೆಯವನು ನಕ್ಕು ಫೋನಿಟ್ಟ.
ಕೊನೆಗೆ ಆಟೋದ ಕೇಬಲ್ಲಿನ ತುದಿಗೆ
ಪುಟ್ಟಾಚಾರ್ರು ಲೇತಿನಲ್ಲಿ ಹಿತ್ತಾಳೆ ಗುಂಡೊಂದನ್ನು ತಿರುವಿ ಕೂರಿಸಿದರು.
'ನನ್ನ ಮಗಳ ಮೂಗುತಿಗೂ ಇಷ್ಟು ಕಣ್ಣು ಹಾಕಿಲ್ಲ' ಎಂದು
ಅರವತ್ತು ರೂಪಾಯಿ ಕೇಳಿದರು.
ನೀರಿನ ಪಂಪು ಯಾವ ಗಾಡಿಯದೋ ಜಬಿಗೇ ಗೊತ್ತು.
ಎಡಗನ್ನಡಿ ಮೊಪೆಡ್ಡಿನದು.
ಹಾರ್ನು ಆಲೂಗಡ್ಡೆ ಲಾರಿಯದು;
ಒತ್ತಿದರೆ ಮುಂದಿದ್ದವರು ಪಕ್ಕಕ್ಕೆ ಸರಿದು
ಹಿಂದೆ ನೋಡಿ, ಆಮೇಲೆ ಕೆಳಗೆ ನೋಡುತ್ತಾರೆ.

ಹದಿನೈದು ತುಂಬಿತೆಂದು ಆರ್‌ಟಿಒ ಕಚೇರಿಗೆ ಹೋದೆ.
ಮೇಡಂ ಬಗ್ಗಿ, ಚಾಸಿ ನಂಬರಿನ ಮೇಲೆ ಕಾಗದವಿಟ್ಟು
ಪೆನ್ಸಿಲ್ ಉಜ್ಜಿ ಇಳಿಸಿಕೊಂಡರು.
'ಇನ್ನೈದು ವರ್ಷ.' ಮುದ್ರೆ.
ನನ್ನ ಸಕ್ಕರೆ ನೋಡುವ ಡಾಕ್ಟರು
ಇದುವರೆಗೆ ಇಷ್ಟು ಖಚಿತವಾಗಿ ಏನೂ ಹೇಳಿಲ್ಲ.

ಎಲ್ಲ ಬೇರೆಯವರದು. ಹುಡ್ಡು ಮಾತ್ರ ನನ್ನದು.
ಆಟೋಗೆ ಹಾಕುವ ರೆಕ್ಸಿನ್ ಅಲ್ಲ, ಕ್ಯಾನ್ವಾಸು;
ಇಂಚಿಗೆ ಆರು ಹೊಲಿಗೆ, ಹೊಲಿಗೆಯ ಮೇಲೆ ಜೇನುಮೇಣ.
ಬಲಮೂಲೆಯೊಂದನ್ನು ಮೂರು ಸಲ ಬಿಚ್ಚಿದ್ದೇನೆ.
ಮೇಲೆ ಬಕೆಟ್ಟುಗಟ್ಟಲೆ ನೀರು ಸುರಿದಾಗ
ಒಳಗೆ ಟಾರ್ಚು ಹಿಡಿದು ಕೂತವಳು ದಾಕ್ಷಾಯಿಣಿಯೇ:
'ಕನ್ನಡಿ ಮೇಲೆ, ಒಂದು ಹನಿ!
ಇಲ್ಲ, ನಿಂತಿತು.'

ಅದಕ್ಕೇ ಇಳಿಸುವುದಿಲ್ಲ.
ಮಹಾರಾಜ ಪಾರ್ಕಿನ ಮುಂದೆ ಕಾಲೇಜು ಹುಡುಗರು
'ಅಂಕಲ್, ಟಾಪ್ ತೆಗೀರಿ' ಎಂದು ಕೂಗುತ್ತಾರೆ.
ಮದುವೆ ಮನೆಯಲ್ಲಿ ದರ್ಜಿಯನ್ನು ಕರೆದು
'ಅಂಗಿ ಬಿಚ್ಚಪ್ಪ' ಎಂದಹಾಗೆ.

ಕಳೆದ ಏಪ್ರಿಲ್, ಭಾನುವಾರ, ಸಂಜೆ ಐದೂವರೆ.
ಚನ್ನರಾಯಪಟ್ಟಣದ ಗೃಹಪ್ರವೇಶ ಮುಗಿಸಿ ಬರುವಾಗ
ಶಾಂತಿಗ್ರಾಮದ ಹತ್ತಿರ ಮುಳ್ಳು ಕೆಂಪಿಗೆ ಏರಿತು.
ಫೋನಿನಲ್ಲಿ ಜಬಿ: 'ನಿಲ್ಲಿಸಬೇಡಿ. ಹೀಟರ್ ಫುಲ್ ಹಾಕಿ,
ಇಂಜಿನ್ನಿನ ಬಿಸಿ ನಿಮ್ಮ ಕಡೆ ಎಳಕೊಳ್ಳುತ್ತೆ.'

ಎಳಕೊಂಡಿತು.
ಕಾಲು ಬೆಂದವು. ರೇಷ್ಮೆ ಸೀರೆಯವಳು
ಒಂದು ಕಿಲೋಮೀಟರು ಮಾತಾಡಲಿಲ್ಲ.
ಆಮೇಲೆ ಕೈ ಎತ್ತಿ, ನನ್ನನ್ನು ಕೇಳದೆ,
ಒಂದು ಕೊಂಡಿ ತೆಗೆದಳು, ಇನ್ನೊಂದನ್ನೂ ತೆಗೆದಳು.

ಹುಡ್ಡು ಹಿಂದಕ್ಕೆ ಮಡಚಿ ಬಿತ್ತು.
ಅಷ್ಟು ಆಕಾಶ ನಮ್ಮ ತಲೆಯ ಮೇಲೇ ಇತ್ತೆ?
ಪಾದಕ್ಕೆ ಏಪ್ರಿಲ್, ಕಿವಿಗೆ ಡಿಸೆಂಬರ್.
ಮುಡಿದ ಮಲ್ಲಿಗೆ ಬಿಡಿಬಿಡಿಯಾಗಿ ಹಾರಿ
ಹಿಂದಿನ ಬೈಕಿನವನಿಗೆ ತಾಗುತ್ತಿತ್ತು.
ಅವಳು ತಿರುಗಿ, ಮಡಿಕೆಯೊಳಗೆ ಬೆರಳಿಟ್ಟು,
ಯಾರೂ ನೋಡದ ಒಳಹೊಲಿಗೆಯನ್ನು ಎಣಿಸಿದಳು.
'ಆರೇ ಇದೆ' ಎಂದಳು.

ಹಾಸನದ ದೀಪ ಕಾಣುವ ಹೊತ್ತಿಗೆ
ಮುಳ್ಳು ನಡುಗೆರೆಗೆ ಇಳಿದು ಕೂತಿತ್ತು.
'ಹೀಟರ್ ಆರಿಸಬಹುದಾ?' ಕೇಳಿದಳು.
ಮುಳ್ಳಿಗೆ ಅಂಗೈ ಅಡ್ಡ ಹಿಡಿದು
'ಇನ್ನೂ ಇಲ್ಲ' ಎಂದೆ.