ಕಾರಣ: ಆನೆ

ಏಳು ಮಾನದಂಡ, ಏಳು ಬಣ್ಣದ ಕಡತ.
ತಿತಿಮತಿಯ ನಮ್ಮ ಪ್ರಥಮ ದರ್ಜೆ ಕಾಲೇಜಿಗೆ
ಮೂರು ತಿಂಗಳಿಂದ ನಿದ್ದೆಯಿಲ್ಲ.
ಅರ್ಥಶಾಸ್ತ್ರ ಕಲಿಸುತ್ತಿದ್ದವಳು ನಾನು,
ಈಗ ಗುಣಮಟ್ಟ ಭರವಸಾ ಕೋಶದ ಸಂಚಾಲಕಿ;
ಬೇಡಿಕೆ ಪೂರೈಕೆಯ ರೇಖೆ ಬಿಟ್ಟು
ಫೋಟೋಗಳ ಮೂಲೆಯಲ್ಲಿ
ಅಕ್ಷಾಂಶ ರೇಖಾಂಶ ಹುಡುಕುತ್ತೇನೆ.

ಜಾಗ ಹೇಳದ ಫೋಟೋ ಸಾಕ್ಷಿಯಲ್ಲವಂತೆ.
ಐದು ವರ್ಷದ ಹಿಂದೆ ನೆಟ್ಟ ಸಂಪಿಗೆ
ಮೇಲಿನ ಕ್ಲಾಸಿನ ಕಿಟಕಿ ಮುಟ್ಟಿದೆ, ಹೂ ಬಿಟ್ಟಿದೆ.
ನೆಟ್ಟಿದ್ದಕ್ಕೆ ದಾಖಲೆ ಮಾತ್ರ ಇಲ್ಲ.

ಎರಡನೆಯ ಮಾನದಂಡಕ್ಕೆ ಹಾಜರಾತಿ ಬೇಕು.
ಡಿಸೆಂಬರಿನಲ್ಲಿ ಜಾರುವ ಗೆರೆ
ಮೇಲೇಳುವುದು ಮಾರ್ಚಿಗೆ.
ಯಾಕೆಂದು ಪ್ರಾಂಶುಪಾಲರಿಗೆ ಗೊತ್ತು, ನನಗೂ ಗೊತ್ತು:
ಕಾಫಿ ಕೊಯ್ಲು. ಹಣ್ಣು ಯಾರಿಗೂ ಕಾಯುವುದಿಲ್ಲ.
ಹಾಡಿಯ ಶಾಮಿಲಿ ಎಸ್ಟೇಟಿಗೆ ಹೋಗಿ
ಕಿಲೋ ಲೆಕ್ಕದಲ್ಲಿ ಪರೀಕ್ಷೆಯ ಫೀಸು ಕೊಯ್ದು ತರುತ್ತಾಳೆ.
ಅದಕ್ಕೊಂದು ಕಾಲಂ ನಮೂನೆಯಲ್ಲಿಲ್ಲ.
‘ಋತುಮಾನದ ಏರಿಳಿತ’ ಎಂದು ಬರೆದೆ,
ಬರೆದು, ಒಂದು ಲೋಟ ನೀರು ಕುಡಿದೆ.

ಏಳನೆಯದು: ಸಂಸ್ಥೆಯ ಉತ್ತಮ ರೂಢಿಗಳು, ಎರಡು.
ರಾತ್ರಿ ಹನ್ನೊಂದರವರೆಗೂ ತಡಕಾಡಿದೆವು.
‘ಮಳೆನೀರು ಸಂಗ್ರಹ’ ಎಂದರು ಇತಿಹಾಸದ ದೇವಯ್ಯ,
‘ಲೈಬ್ರರಿ ಸೋರುವಲ್ಲಿ ಬಕೆಟ್ ಇಟ್ಟಿದ್ದೇವಲ್ಲ.’
ನಕ್ಕೆವು. ನಕ್ಕು, ಅದನ್ನೇ ಬರೆದೆವು.
ಎರಡನೆಯದಕ್ಕೆ ಯೋಗ.

ಬಂದರು ಮೂವರು.
ಉಮ್ಮತ್ತಾಟ್ ಕುಣಿದ ಹುಡುಗಿಯರು ಬೆವರೊರೆಸಿಕೊಂಡರು,
ಪ್ರೊಜೆಕ್ಟರ್ ಎರಡು ಸಲ ಕೆಟ್ಟು ಒಂದು ಸಲ ಸರಿಯಾಯಿತು.
ಅಧ್ಯಕ್ಷರು ಪ್ರೊಫೆಸರ್ ಫುಕನ್, ಅಸ್ಸಾಮಿನವರು,
ಏಳು ಬಣ್ಣವನ್ನೂ ಬದಿಗೆ ಸರಿಸಿ
ಮೇಜಿನ ಕೆಳಗಿದ್ದ ದಾಸ್ತಾನು ಪುಸ್ತಕ ಎಳೆದರು.
ಅಯ್ಯೋ, ಅದನ್ನು ನಾವು ಬಚ್ಚಿಟ್ಟಿದ್ದೆವು,
ಇಲಿ ಮೂಲೆ ತಿಂದಿದೆಯೆಂದು.

ಒಳಗೆ ಅಟೆಂಡರ್ ಮೊಣ್ಣಪ್ಪನ ಕೈಬರಹ:
ಟಾರ್ಚ್ ಸೆಲ್, ಎರಡು ಜೊತೆ. ಕಾರಣ: ಆನೆ.
ಟಾರ್ಚ್ ಸೆಲ್, ಎರಡು ಜೊತೆ. ಕಾರಣ: ಆನೆ.
ಪುಟ ತಿರುಗಿತು. ಸೆಲ್. ಆನೆ. ಸೆಲ್. ಆನೆ.
ನಡುವೆ ಒಮ್ಮೆ, ಸ್ಟೀಲ್ ತಟ್ಟೆ, ಒಂದು.
ಕಾರಣ: ಮರಿ ಇರುವ ಆನೆ.

‘ಇಷ್ಟು ಸಲ ಬರುವ ಈ ಪದ ಯಾವುದು?’
ಇಂಗ್ಲಿಷಿನಲ್ಲಿ ಕೇಳಿದರು, ಹೇಳಿದೆ.
ಉಳಿದಿಬ್ಬರು ನಕ್ಕರು.
ಫುಕನ್ ನಗಲಿಲ್ಲ.
‘ಎಷ್ಟು ಹೊತ್ತಿಗೆ ದಾಟುತ್ತವೆ?’

ನನಗೆ ಗೊತ್ತಿರಲಿಲ್ಲ.
ಹನ್ನೆರಡು ವರ್ಷ ಇಲ್ಲಿ ಪಾಠ ಮಾಡಿದವಳಿಗೆ,
ಮೂರೂವರೆಗೆ ಗೋಣಿಕೊಪ್ಪದ ಬಸ್ಸು ಹತ್ತುವವಳಿಗೆ.

ಕಪ್ಪು ತೊಳೆಯುತ್ತಿದ್ದ ಮೊಣ್ಣಪ್ಪ ಒದ್ದೆ ಕೈಯಲ್ಲೇ ಬಂದ.
‘ಐದೂ ಮುಕ್ಕಾಲಿಗೆ, ಸಾರ್.
ಕೊನೇ ಬಸ್ಸೂ ಅದೇ ಹೊತ್ತಿಗೆ.
ಮಕ್ಕಳನ್ನು ಹತ್ತಿಸಿ, ಹಾಡಿಯವರನ್ನು
ಆಚೆ ತಿರುವಿನವರೆಗೆ ಬಿಟ್ಟು ಬರ್ತೇನೆ.’
ಯಾವಾಗಿನಿಂದ?
‘ಹೋದ ಸಲ ಒಂದು ತಂಡ ಬಂದಿತ್ತಲ್ಲ,
ಅದಕ್ಕೂ ಮೊದಲಿಂದ.’
ಫೋಟೋ ಇದೆಯೇ ಎಂದರು ತಂಡದ ಮೇಡಂ.
‘ಕತ್ತಲಲ್ವಾ, ಅಮ್ಮ.’

ಫಲಿತಾಂಶ ಬಂತು: ‘ಬಿ’.
ಪ್ರಾಂಶುಪಾಲರು ಲಾಡು ತರಿಸಿದರು, ಚಿಕ್ಕವು.
ವರದಿಯ ಹದಿನಾಲ್ಕನೆಯ ಪುಟದ ಶಿಫಾರಸು:
ಆವರಣದಿಂದ ರಸ್ತೆಯವರೆಗೆ ಬೆಳಕು ಅಗತ್ಯ.

ಎಂಟು ತಿಂಗಳಿಗೆ ಮೂರು ಸೋಲಾರ್ ಕಂಬ.
ಟೇಪು ಕತ್ತರಿಸಿದ್ದು ಹಗಲಲ್ಲಿ,
ಹಾಗಾಗಿ ಫೋಟೋ ಸ್ಪಷ್ಟ,
ಅಕ್ಷಾಂಶ ರೇಖಾಂಶ ಸಹಿತ ಹಸಿರು ಕಡತದಲ್ಲಿದೆ.

ಹನ್ನೊಂದನೆಯ ಬೆಳಿಗ್ಗೆ
ಸಹಿಗೆ ಬಂತು ದಾಸ್ತಾನು ಪುಸ್ತಕ:
ಟಾರ್ಚ್ ಸೆಲ್, ಎರಡು ಜೊತೆ.
ಕಾರಣ: ದೀಪದ ಕಂಬ ಮಲಗಿದೆ.