ಹನ್ನೊಂದು ಬಸ್ಸಿನ ನೀರು

ಯೋಜನೆಯ ಫೈಲು ಬೀರುವಿನಲ್ಲಿತ್ತು,
ಬೀರುವಿನ ಕೀಲಿ ರಜೆಯ ಮೇಲಿತ್ತು.
ಅಗ್ನಿಶಾಮಕದ ಹುಡುಗ ಬಂದು ಬೀಗ ಒಡೆದ.
ಒಳಗೆ ನೂರಾ ಹನ್ನೆರಡು ಪುಟ,
ಗುರುತಿಗಿಟ್ಟ ಯಾರದೋ ಲಗ್ನಪತ್ರಿಕೆ,
ಅದು ಕೂತಿದ್ದ ಪುಟದಲ್ಲಿ ಒಂದೇ ಗೆರೆ ಕೆಂಪು:
ಮೈ ತೊಳೆದ ನೀರನ್ನು ಚರಂಡಿಗೆ ಬಿಡಕೂಡದು.

ಓದಿ ನಗು ಬಂತು.
ಕೆಂಗೇರಿಯಲ್ಲಿ ನಿಂತು ಈ ಮಾತು ಓದಬೇಕು!
ಮಂಟಪದ ಹಿಂದೆಯೇ ವೃಷಭಾವತಿ,
ಊರಿನದೆಲ್ಲ ಹೊತ್ತು, ನೊರೆ ಮುಡಿದು,
ಯಾರ ಮನೆಯದೆಂದು ಕೇಳದೆ ಹೋಗುತ್ತಿದ್ದಳು.

ನಾಲ್ಕು ಗಂಟೆಗೆ ಫೋನು ಬಂದಿತ್ತು.
ಸ್ಥಾವರದಲ್ಲಿ ಏನೋ ಆಗಿದೆ. ಗಾಳಿ ಇತ್ತ ಇಲ್ಲ. ಹೆದರಿಸಬೇಡಿ.
ಹನ್ನೊಂದು ಬಸ್ಸು ಹೊರಟಿವೆ, ನಿಮ್ಮ ವಾರ್ಡು ಇಳಿಸಿಕೊಳ್ಳಬೇಕು.
ಎಷ್ಟು ಜನ ಸಾರ್, ಅಂದೆ.
ಬಂದ ಮೇಲೆ ಎಣಿಸಿ, ಅಂದರು.

ಮಂಟಪದ ರುದ್ರಾರಾಧ್ಯರು ಗೇಟಿಗೆ ಅಡ್ಡ ನಿಂತರು:
‘ಭಾನುವಾರ ಮುಹೂರ್ತ ಇದೆ. ಅಡ್ವಾನ್ಸ್ ತಗೊಂಡಿದೀನಿ.
ಆಮೇಲೆ ಇಲ್ಲಿ ಯಾರು ಎಲೆ ಹಾಕಿಸ್ಕೋತಾರೆ, ನೀವೇ ಹೇಳಿ.’
ಬೈಯಲು ನನಗೆ ಬಾಯಿರಲಿಲ್ಲ.
ಗಾಳಿ ಇತ್ತ ಇಲ್ಲ, ಇತ್ತ ಇಲ್ಲ ಎಂದು
ಮೈಕು ಹಿಡಿದು ಬೀದಿ ಬೀದಿ ಸಾರುವ ಮೊದಲೇ
ಮಗಳನ್ನು ಹೊಸಕೋಟೆಯ ಅಕ್ಕನ ಮನೆಗೆ ಅಟ್ಟಿದ್ದೆ.

ಆಗ ಪಿಯು ಕಾಲೇಜಿನ ಗ್ಲಾಡಿಸ್ ಮೇಡಂ
ಲ್ಯಾಬಿನಿಂದ ಒಂದು ಡಬ್ಬಿ ತಂದರು, ಆಟೋದಲ್ಲಿ, ಮಡಿಲಲ್ಲಿಟ್ಟುಕೊಂಡು.
(ಪರೀಕ್ಷೆಗೆ ಬರಲ್ಲ ಅಂತ ಹುಡುಗರು ಮುಟ್ಟಿಯೇ ಇರಲಿಲ್ಲವಂತೆ.)
ಮೊದಲು ತಮ್ಮ ಅಂಗೈಗೆ ಹಿಡಿದರು,
ಆಮೇಲೆ ಮಂಟಪದ ಗ್ರಾನೈಟ್ ಮೆಟ್ಟಿಲಿಗೆ.
ಕಿಟ್. ಕಿಟ್ ಕಿಟ್. ಕಿಟ್.
‘ಇದು ನಿಮ್ಮದೇ ಕಲ್ಲು, ಯಜಮಾನರೆ. ಹಾಕಿಸಿದ ದಿನದಿಂದ ಹೀಗೇ.’
ಅವರು ಬಹಳ ಹೊತ್ತು ಮೆಟ್ಟಿಲು ನೋಡಿದರು.
ಕೀಲಿ ನನ್ನ ಕೈಗೆ ಕೊಡಲಿಲ್ಲ,
ಅದರ ಮೇಲೇ ಇಟ್ಟು ಹೋದರು.

ಟ್ಯಾಂಕರಿನ ಮುನಿಕೆಂಪ ತಲೆ ಕೆರೆದ:
‘ತುಂಬ್ಸೋದು ಗೊತ್ತು, ಖಾಲಿ ಮಾಡೋದು ಗೊತ್ತು.
ಇಟ್ಕೊಳ್ಳೋದು ಹೆಂಗೆ ಮೇಡಂ?’
ಪೆಂಡಾಲಿನ ಟಾರ್ಪಾಲು ಹಾಸಿ, ಅಂಚಿಗೆ ಇಟ್ಟಿಗೆ ಒತ್ತಿ,
ಒಂದು ಟ್ಯಾಂಕರಿನಿಂದ ಬಂದದ್ದು
ಇನ್ನೊಂದಕ್ಕೆ ಏರುವ ಹಾಗೆ ಪಂಪು ಕಟ್ಟಿದೆವು.

ಒಂಬತ್ತೂ ಮುಕ್ಕಾಲಿಗೆ ಬಸ್ಸು.
ಯಾರೂ ಅಳುತ್ತಿರಲಿಲ್ಲ.
ಮೊದಲು ಇಳಿದವಳು ಕೇಳಿದ್ದು,
‘ಚಪ್ಪಲಿ ಇಲ್ಲೇ ಬಿಡಬೇಕಾ?’
ನೆಂಟರ ಮನೆಗೆ ಬಂದವರ ಹಾಗೆ
ಜೋಡಿ ಜೋಡಿ ಕೂಡಿಸಿ ಬಿಟ್ಟರು ಎಲ್ಲರೂ,
ತಿರುಗಿ ಮೆಟ್ಟುತ್ತೇವೆ ಎಂಬ ಹಾಗೆ.
ನಾನು ಹೇಳಲಿಲ್ಲ.

ಒಬ್ಬ ಹುಡುಗಿಯ ಜಡೆಗೆ ಹಿಡಿದಾಗ
ಡಬ್ಬಿ ಎಣಿಕೆ ತಪ್ಪಿದಂತೆ ಬಡಬಡಿಸಿತು.
ಮುಡಿದ ಕನಕಾಂಬರ ಬಿಡಿಸಿ ಚೀಲಕ್ಕೆ ಹಾಕಿದೆ, ಚೀಲದ ಬಾಯಿ ಬಿಗಿದೆ.
ಎಣ್ಣೆ ಬೇಡ, ಕಂಡೀಷನರ್ ಬೇಡ, ಗಟ್ಟಿಯಾಗಿ ಉಜ್ಜಬೇಡಿ,
ಪುಟದಲ್ಲಿ ಇಷ್ಟು ಬರೆದಿತ್ತು.
ಉಳಿದದ್ದು ಕೈಗೆ ಗೊತ್ತಿತ್ತು:
ಹಣೆಗೆ ಅಂಗೈ ಅಡ್ಡ ಹಿಡಿಯುವುದು,
ಕಣ್ಣಿಗೆ ಹೋಗದ ಹಾಗೆ.
‘ಕಿಟ್ ಕಿಟ್ ಅಂದ್ರೆ ಏನಕ್ಕಾ?’
ನಂಗೂ ಸರಿಯಾಗಿ ಗೊತ್ತಿಲ್ಲಮ್ಮ,
ಕಮ್ಮಿ ಆದ್ರೆ ಒಳ್ಳೇದು.
ಮೂರನೇ ಸಲಕ್ಕೆ ಕಮ್ಮಿ ಆಯಿತು.

ಭಾನುವಾರದ ಮದುವೆ ಬೇರೆಲ್ಲೋ ನಡೆಯಿತು.
ಹನ್ನೊಂದು ಬಸ್ಸಿನವರು ಮತ್ತೊಂದು ಊರಿಗೆ, ಮತ್ತೊಂದು ಪಟ್ಟಿಗೆ ಹೋದರು.
ಟ್ಯಾಂಕರು ಉಳಿಯಿತು,
ಹಳದಿ ಹಗ್ಗದೊಳಗೆ, ಹೊಂಗೆಮರದ ಕೆಳಗೆ.
ಜಲಮಂಡಳಿ ನಮ್ಮದಲ್ಲ ಅಂದಿತು,
ಮಾಲಿನ್ಯದವರು ಪತ್ರ ಬರಲಿ ಅಂದರು,
ಪತ್ರ ಹೊರಟಿದೆ.
ಮುನಿಕೆಂಪ ಕಂತು ಕಟ್ಟುತ್ತಲೇ ಇದ್ದಾನೆ;
ಸೋಮವಾರ ಬಂದು ದೂರದಿಂದ ನೋಡಿ ಹೋಗುತ್ತಾನೆ,
ಬೇರೆಯವರ ಮನೆಗೆ ಕೊಟ್ಟ ಹಸುವನ್ನು ನೋಡಿದ ಹಾಗೆ.

ಏಪ್ರಿಲಿನಲ್ಲಿ ಬೋರು ಬತ್ತಿತು.
ಬೆಳಗಿನ ಜಾವ ಹೋಗಿ ನೋಡಿದರೆ
ಹಗ್ಗವನ್ನು ಯಾರೋ ನೀಟಾಗಿ ಸುತ್ತಿಟ್ಟಿದ್ದಾರೆ,
ಮರದಿಂದ ತಿರುವಿನ ತನಕ ಕೊಡಗಳ ಸಾಲು.
ಓಡಿಹೋಗಿ ನಲ್ಲಿಗೆ ಬೆನ್ನು ಕೊಟ್ಟು ನಿಂತೆ.
‘ತುಂಬಿದ ಟ್ಯಾಂಕರ್ ಇಟ್ಕೊಂಡು ಕಾಯ್ತೀರಲ್ಲ,
ಯಾರ್ದಮ್ಮ ಈ ನೀರು?’ ಅಂದಳು ಮೊದಲಿನವಳು.
ಹನ್ನೊಂದು ಬಸ್ಸಿನವರದು, ಅಂದೆ.
ಅವಳು ನನ್ನನ್ನೇ ನೋಡಿದಳು.
ಕೊಡ ಎತ್ತಲಿಲ್ಲ.